ಮೋಡಕ್ಕನ ಪಾಲಿನ ಕಪ್ಪಕ್ಕಿ

ಭೂಮಿ ಆಗತಾನೆ ಮೈತೊಳೆದುಕೊಂಡು ಎದ್ದು ಕೂತಿದ್ದ ಕಾಲ. ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಹೊಳೆಗೆ ಎತ್ತ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಈ ಕಡೆ ಹೋಗುತ್ತಿತ್ತು, ಇನ್ನೊಂದು ದಿನ ಆ ಕಡೆ. ಆಮೇಲೆ ದಡದಲ್ಲಿದ್ದ ಕಪ್ಪೆಯನ್ನು ದಾರಿ ಕೇಳುತ್ತಿತ್ತು. ಕಪ್ಪೆಗೂ ಗೊತ್ತಿರಲಿಲ್ಲ. ಆದರೂ ಅದು ಏನಾದರೊಂದು ಹೇಳಿಬಿಡುತ್ತಿತ್ತು. ಕಪ್ಪೆಯ ಸ್ವಭಾವ ಆಗಲೂ ಹಾಗೇ ಇತ್ತು.

ಆ ಕಾಲದಲ್ಲಿ ಅಕ್ಕಿ ಎಂದರೆ ಬಿಳಿ ಅಕ್ಕಿ ಮಾತ್ರ. ಕಪ್ಪು ಅಕ್ಕಿಯನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ, ಕನಸಿನಲ್ಲೂ ನೆನೆದಿರಲಿಲ್ಲ.

ಆ ಹೊಳೆಯ ದಡದಲ್ಲಿ ಒಂದು ಪುಟ್ಟ ಊರು. ಊರಲ್ಲಿ ಹೊನ್ನಾಜಿ ಅನ್ನುವ ಹೆಣ್ಣುಮಗಳು. ನಂಜವ್ವನ ಮನೆಗೆ ಸೊಸೆಯಾಗಿ ಬಂದವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವಳು ಬಾಯಿ ತೆರೆದರೆ ಊರಿನ ಗುಬ್ಬಿಗಳು ಸುಮ್ಮನಾಗುತ್ತಿದ್ದವು. ಅದಕ್ಕೇ ಮೊದಲ ಸುಗ್ಗಿ ಬಂದಾಗ ಊಟಕ್ಕೆ ಕರೆಯುವ ಕೆಲಸವನ್ನು ಊರಿನವರೆಲ್ಲ ಸೇರಿ ಅವಳಿಗೇ ವಹಿಸಿದರು.

ಊರಿನ ಪದ್ಧತಿ ಹೀಗಿತ್ತು: ಭತ್ತಕ್ಕೆ ಯಾರ ಕೈ ತಾಗಿದೆಯೋ ಅವರಿಗೆಲ್ಲ ಹೊಸಕ್ಕಿ ಊಟದಲ್ಲಿ ಒಂದು ಎಲೆ ಹಾಕಬೇಕು. ಒಬ್ಬರನ್ನೂ ಬಿಡುವಂತಿಲ್ಲ.

ಹೊನ್ನಾಜಿ ಮೊರದಲ್ಲಿ ಹೂವಿಟ್ಟುಕೊಂಡು ಹೊರಟಳು. ಗದ್ದೆ ಉತ್ತ ಎತ್ತುಗಳನ್ನು ಕರೆದಳು. ತೂರುವಾಗ ಬೀಸಿದ ಗಾಳಿಯಣ್ಣನನ್ನು ಕರೆದಳು. ಸೂರ್ಯನನ್ನು ಕರೆದಳು, ಸ್ವಲ್ಪ ತಣ್ಣಗಾಗಿ ಬಾರಣ್ಣ ಎಂದು ಕೇಳಿಕೊಂಡಳು. ಹುಳ ಹೆಕ್ಕಿದ ಬೆಳ್ಳಕ್ಕಿಯನ್ನು ಕರೆದಳು, ಮಣ್ಣು ಸಡಿಲ ಮಾಡಿದ ಎರೆಹುಳವನ್ನೂ ಕರೆದಳು. ಇವರಿಬ್ಬರನ್ನು ಮಾತ್ರ ಅಕ್ಕಪಕ್ಕ ಕೂರಿಸಬಾರದು ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡಳು.

ಅವಳು ಮನೆಗೆ ಬರುವ ಹೊತ್ತಿಗೆ ಕಣದ ತುಂಬ ಭತ್ತ ಹರಡಿತ್ತು. ಬಿಸಿಲಿಗೆ ಗರಿಗರಿಯಾಗಿ ಒಣಗುತ್ತಿತ್ತು. ಆಗಲೇ ಬೆಟ್ಟದ ಹಿಂದಿನಿಂದ ಮೋಡಕ್ಕ ಮೆಲ್ಲಗೆ ಬಂದಳು. ದೊಡ್ಡ ಮೈ, ಕಪ್ಪು ಬಣ್ಣ, ನಿಧಾನದ ನಡಿಗೆ. ತಲೆ ಬಾಚಿಕೊಂಡು ಬಂದಿದ್ದಳು. ಊರಿಗೆಲ್ಲ ಕರೆ ಹೋಗಿದೆ, ನನ್ನನ್ನೂ ಈಗ ಕರೆಯುತ್ತಾರೆ, ಅಷ್ಟು ದೂರ ಹುಡುಗಿ ಯಾಕೆ ನಡೆಯಬೇಕು, ನಾನೇ ಹೋಗೋಣ ಎಂದು ಬಂದಿದ್ದಳು.

ಹೊನ್ನಾಜಿ ಕತ್ತೆತ್ತಿ ನೋಡಿದಳು.

"ಅಯ್ಯಯ್ಯೋ, ಮಳೆ! ಬನ್ರೋ, ಭತ್ತ ಎಲ್ಲಾ ನೆಂದೋಯ್ತದೆ!" ಎಂದು ಕೂಗಿದಳು. ಮೊರ ಬೀಸಿದಳು. "ಹೋಗು, ಹೋಗು! ಈ ಕಡೆ ತಲೆ ಹಾಕ್ಬ್ಯಾಡ! ಅತ್ಲಾಗ್ ಹೋಗು!"

ಊರಿನವರೆಲ್ಲ ಓಡಿ ಬಂದರು. ಒಬ್ಬರು ತಟ್ಟೆ ಬಡಿದರು, ಇನ್ನೊಬ್ಬರು ಗೋಣಿ ಬೀಸಿದರು. ಮೋಡಕ್ಕ ಅಲ್ಲೇ ನಿಂತಳು. ಬಂದಷ್ಟೇ ನಿಧಾನವಾಗಿ ಬೆಟ್ಟದ ಹಿಂದೆ ಹೋದಳು. ಸದ್ಯ ಹೋಯ್ತಲ್ಲ ಎಂದು ಜನ ಖುಷಿಯಿಂದ ಭತ್ತ ರಾಶಿ ಮಾಡಿದರು.

ಹೊಸಕ್ಕಿ ಊಟ ಭರ್ಜರಿಯಾಗಿ ನಡೆಯಿತು. ಗಾಳಿಯಣ್ಣ ಎರಡು ಸಲ ಎಲೆ ಹಾರಿಸಿ ಬೈಸಿಕೊಂಡ. ಸೂರ್ಯ ಬಿಸಿಬಿಸಿ ಅನ್ನವನ್ನು ಊದದೆಯೇ ತಿಂದ. ಎಲ್ಲ ಮುಗಿದು ಕೈತೊಳೆಯುವಾಗ ಕಪ್ಪೆ ಡರ್ ಎಂದು ತೇಗಿ ಕೇಳಿತು:

"ಅಲ್ಲಾ ಹೊನ್ನಾಜಿ, ಮೋಡಕ್ಕ ಯಾಕೆ ಬರ್ಲಿಲ್ಲ? ಉಳೋ ದಿನದಿಂದ ತೆನೆ ಬರೋವರ್ಗೂ ನೀರು ಹುಯ್ದೋಳು ಅವಳಲ್ವಾ?"

ಎಲ್ಲರೂ ಹೊನ್ನಾಜಿಯ ಕಡೆ ನೋಡಿದರು. ಹೊನ್ನಾಜಿ ಮೊದಲ ಸಲ ಮಾತು ಹೊರಡದೆ ನಿಂತಳು.

ಮುಂಗಾರು ಬರಬೇಕಾದ ಕಾಲ ಬಂತು. ಒಟ್ಲಲ್ಲಿ, ಅಂದರೆ ನಾಟಿಗೆ ಮೊದಲು ಸಸಿ ಬೆಳೆಸುವ ಪುಟ್ಟ ಮಡಿಯಲ್ಲಿ, ಭತ್ತದ ಸಸಿಗಳು ಗೇಣುದ್ದ ಎದ್ದು ಆಕಾಶ ನೋಡುತ್ತಾ ನಿಂತವು. ಆಕಾಶ ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು. ಮೋಡಕ್ಕನ ಸುಳಿವಿಲ್ಲ. ಸಸಿಗಳ ತುದಿ ಹಳದಿಯಾಯಿತು. ಹೊಳೆ ದಾರಿ ಕೇಳುವುದನ್ನೇ ಬಿಟ್ಟಿತು, ಹೋಗಲು ನೀರೇ ಇರಲಿಲ್ಲವಲ್ಲ. ಕಪ್ಪೆಯ ಗಂಟಲು ಒಣಗಿ ಅದರ ಬಾಯಿಂದ ಉಸ್ ಎಂದಷ್ಟೇ ಬರುತ್ತಿತ್ತು. ಕೆಲವರಿಗೆ ಅದೊಂದು ನೆಮ್ಮದಿ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

"ಕರೆಯೋ ಕೆಲ್ಸ ನಿಂದಾಗಿತ್ತು. ಬಿಟ್ಟೋಳೂ ನೀನೆ. ಹೋಗಿ ಕೈಹಿಡ್ದು ಕರ್ಕೊಂಬಾ," ಎಂದಳು ನಂಜವ್ವ.

ಹೊನ್ನಾಜಿ ಬೆಟ್ಟ ಹತ್ತಿದಳು. ಬೆಟ್ಟದ ಹಿಂದೆ ದೊಡ್ಡ ಹಾಸುಬಂಡೆ. ಅದರ ಪಕ್ಕ ಮೋಡಕ್ಕ ಗೋಡೆಗೆ ಮುಖ ಮಾಡಿ ಕೂತ ಮಗುವಿನ ಹಾಗೆ ಆ ಕಡೆ ತಿರುಗಿ ಕೂತಿದ್ದಳು.

"ಅಕ್ಕಾ," ಎಂದಳು ಹೊನ್ನಾಜಿ.

"ಯಾರು? ಮೊರ ತಂದಿದ್ದೀಯಾ ಬೀಸೋಕೆ?"

ಹೊನ್ನಾಜಿಗೆ ಕಣ್ಣಲ್ಲಿ ನೀರು ಬಂತು. "ಇಲ್ಲಕ್ಕ. ತಪ್ಪಾಯ್ತು. ನೆಪ ಹೇಳಾಕೆ ಬರ್ಲಿಲ್ಲ ನಾನು. ನಿನ್ನ ಕರೀದೆ ಇದ್ದದ್ದು ನಂದೇ ತಪ್ಪು."

ಮೋಡಕ್ಕ ಸ್ವಲ್ಪ ಈ ಕಡೆ ತಿರುಗಿದಳು. "ನಾನು ಎಷ್ಟು ಆಸೆಯಿಂದ ಬಂದಿದ್ದೆ ಗೊತ್ತಾ? ಎಲ್ಲರಿಗೂ ಎಲೆ. ಕಪ್ಪೆಗೂ ಎಲೆ! ಅದೇನು ಮಾಡ್ತು ಭತ್ತಕ್ಕೆ? ಗದ್ದೆ ಬದೂಲಿ ಕೂತು ಅರಚ್ತು ಅಷ್ಟೆ."

"ನಿಜ ಕಣಕ್ಕ."

"ಹೋಗ್ಲಿ ಬಿಡು. ಕರೆದಿದ್ರೂ ನಾನು ಬರೋದು ಹೆಂಗೆ? ನಾನು ಬಂದ್ರೆ ಭತ್ತ ನೆನೀತದೆ, ನೆಂದ್ರೆ ಕೊಳೀತದೆ. ಸುಗ್ಗೀಲಿ ನಾನು ಯಾವತ್ತೂ ಯಾರಿಗೂ ಬೇಡ. ನೀನೇ ಹೇಳು, ನಾನು ಯಾವಾಗ ಉಣ್ಣಲಿ?"

ಮೋಡಕ್ಕನ ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ಹೊನ್ನಾಜಿಗೆ ಇನ್ನಷ್ಟು ಸಂಕಟವಾಯಿತು.

"ಈಗ ಬಾ ಅಕ್ಕ," ಎಂದಳು ಕೊನೆಗೆ. "ಈಗಲೇ ಊಟಕ್ಕೆ ಬಾ. ನಿಂಗೋಸ್ಕರನೇ ಅನ್ನ ಮಾಡ್ತೀನಿ."

"ನಿಮ್ಮನೇಲಿರೋ ಅಕ್ಕಿ ಸೂರ್ಯ ಒಣಗಿಸಿದ್ದು, ಗಾಳಿ ತೂರಿದ್ದು. ಅವರ ಎಂಜಲು ನನಗೆ ಬೇಡ. ನನ್ನ ಕೈ ತಾಗಿದ ಅನ್ನ ಇದ್ರೆ ಹೇಳು, ಬರ್ತೀನಿ."

ಹೊನ್ನಾಜಿ ಒಂದೇ ಉಸಿರಿಗೆ ಬೆಟ್ಟ ಇಳಿದಳು. ಮನೆಯ ಅಟ್ಟದ ಮೇಲೆ ಒಂದು ಮಡಕೆಯಲ್ಲಿ ಬೀಜದ ಭತ್ತ ಸ್ವಲ್ಪ ಉಳಿದಿತ್ತು. ಒಟ್ಲು ಒಣಗಿಹೋದರೆ ಮತ್ತೆ ಬಿತ್ತಲು ಇದ್ದದ್ದು ಅದೊಂದೇ. ಅವಳು ಮಡಕೆ ಇಳಿಸಿದ್ದು ನೋಡಿ ನಂಜವ್ವ ಬಾಗಿಲಿಗೆ ಅಡ್ಡ ನಿಂತಳು.

"ತಲೆಗಿಲೆ ಕೆಟ್ಟದಾ ನಿಂಗೆ? ಅದೂ ಹೋದ್ರೆ ಬರೋ ವರ್ಷ ಮಣ್ಣು ತಿನ್ನಬೇಕಾಯ್ತದೆ."

"ಮಳೆ ಬರ್ದಿದ್ರೆ ಇದ್ನ ಎಲ್ಲಿ ಬಿತ್ತೀಯತ್ತೆ? ಅಟ್ಟದ ಮೇಲಾ?"

ನಂಜವ್ವ ಪಕ್ಕಕ್ಕೆ ಸರಿದಳು.

ಹೊನ್ನಾಜಿ ಭತ್ತವನ್ನು ಹಾಸುಬಂಡೆಯ ಮೇಲೆ ತೆಳ್ಳಗೆ ಹರಡಿದಳು. "ತಗೋ ಅಕ್ಕ. ಕೈ ತಾಗಿಸು. ಎಷ್ಟು ಬೇಕಾದ್ರೂ ತಾಗಿಸು."

ಮೋಡಕ್ಕನಿಗೆ ನಂಬಿಕೆಯೇ ಬರಲಿಲ್ಲ. ಹರಡಿದ ಭತ್ತದ ಹತ್ತಿರ ಅವಳನ್ನು ಯಾರಾದರೂ ಕರೆದದ್ದುಂಟೇ? ಹೆದರುತ್ತಾ ಒಂದು ಬೆರಳು ಚಾಚಿದಳು. ಯಾರೂ ಬೈಯಲಿಲ್ಲ. ಯಾರೂ ತಟ್ಟೆ ಬಡಿಯಲಿಲ್ಲ. ಆಮೇಲೆ ಮೆಲ್ಲಗೆ ಇಳಿದು ಬಂಡೆಯ ಮೇಲೆ ಮಲಗಿ ಭತ್ತವನ್ನೆಲ್ಲ ತಬ್ಬಿಕೊಂಡಳು. ಅಷ್ಟು ದಿನದ ಮುನಿಸೆಲ್ಲ ಅವಳ ಮೈಯಿಂದ ತಣ್ಣಗೆ ತೊಟ್ಟಿಕ್ಕಿತು. ಹೊನ್ನಾಜಿ ಪಕ್ಕದಲ್ಲೇ ಕೂತು, ಊರಿನ ಸುದ್ದಿಯನ್ನೆಲ್ಲ ಹೇಳಿದಳು. ಹೇಳಲು ಬೇಕಾದಷ್ಟಿತ್ತು. ಬಿಸಿಲು ಇಳಿಯುವವರೆಗೂ ಹೇಳಿದಳು.

ಮೋಡಕ್ಕ ಎದ್ದು ನೋಡಿದರೆ ಬಂಡೆಯ ಮೇಲಿನ ಭತ್ತವೆಲ್ಲ ಕಪ್ಪು!

"ಅಯ್ಯೋ!" ಎಂದು ಮೋಡಕ್ಕ ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಬಣ್ಣ ಹತ್ತಿಬಿಡ್ತು. ಕೆಡಿಸಿಬಿಟ್ಟೆ. ನಾ ಹೇಳ್ಲಿಲ್ವಾ, ನಾನು ಮುಟ್ಟಿದ್ರೆ ಕೆಡ್ತದೆ ಅಂತ."

ಹೊನ್ನಾಜಿಗೂ ಗಾಬರಿಯಾಯಿತು. ಕಪ್ಪಾದ ಭತ್ತ ಅಂದರೆ ಬೂಸಲು ಹಿಡಿದ ಭತ್ತ ಎಂದು ಎಂಥ ಸಣ್ಣ ಮಗುವಿಗೂ ಗೊತ್ತು. ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು. ಒಳಗಿನ ಅಕ್ಕಿಯೂ ಕಪ್ಪು. ಮೂಸಿ ನೋಡಿದಳು. ಬೂಸಲಿನ ವಾಸನೆಯಿಲ್ಲ. ಇನ್ನೊಮ್ಮೆ ಮೂಸಿದಳು. ಮೊದಲ ಹನಿ ಬಿದ್ದ ಗದ್ದೆಯ ಘಮ!

"ಕೆಟ್ಟಿಲ್ಲ ಕಣಕ್ಕ!" ಎಂದು ಕುಣಿದಾಡಿಬಿಟ್ಟಳು. "ಇದು ನಿನ್ನ ಅಕ್ಕಿ. ನಿನ್ನ ಪಾಲು ಇದು. ಹೊಟ್ಟು ಬಿಡ್ಸಾಕೆ ತೇವ ಆರ್ಬೇಕು, ಅಷ್ಟಕ್ಕೆ ಮಾತ್ರ ಗಾಳಿಯಣ್ಣನ್ನ ಕರೀಲಾ?"

"ಅಷ್ಟು ಬೀಸಲಿ ಬಿಡು," ಎಂದು ಮೋಡಕ್ಕ ದೊಡ್ಡ ಮನಸ್ಸು ಮಾಡಿದಳು. ಗಾಳಿಯಣ್ಣ ತುದಿಗಾಲಲ್ಲಿ ಬಂದು ಬೀಸಿ ಹೋದ.

ಒಂದು ಹಿಡಿಯನ್ನು ಬೀಜಕ್ಕೆಂದು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದದ್ದನ್ನು ಹೊನ್ನಾಜಿ ಮನೆಗೆ ತಂದು ಒರಳಿಗೆ ಹಾಕಿದಳು. ಹೊಟ್ಟು ಬಿಟ್ಟಿತು. ನಂಜವ್ವ ಕಪ್ಪು ಅಕ್ಕಿ ನೋಡಿ ಮುಖ ಸಿಂಡರಿಸಿದಳು. ಸೊಸೆಯ ಕೈಯಿಂದ ಒನಕೆ ಕಿತ್ತುಕೊಂಡಳು. "ಇನ್ನೊಂದಷ್ಟು ಕುಟ್ಟಿದ್ರೆ ಬೆಳ್ಳಗಾಯ್ತದೆ, ಸರಿ."

"ಬ್ಯಾಡ ಕಣತ್ತೆ! ಅದು ಮೋಡಕ್ಕನ ಬಣ್ಣ. ಕುಟ್ಟಿ ತೆಗೆದ್ರೆ ಅವಳದ್ದು ಏನುಳೀತು ಅದ್ರಲ್ಲಿ?"

ಹಾಗಾಗಿ ಅಕ್ಕಿಯ ಮೈಮೇಲಿನ ಕಪ್ಪು ತೌಡು ಹಾಗೇ ಉಳಿಯಿತು.

ಒಲೆ ಹೊತ್ತಿತು. ಎಸರು ಕುದಿಯಿತು. ಅಕ್ಕಿ ಬಿತ್ತು. ಬಿಳಿ ಅಕ್ಕಿಯಾಗಿದ್ದರೆ ಇಷ್ಟು ಹೊತ್ತಿಗೆ ಅನ್ನವಾಗಿ, ಬಸಿದು, ಮುಚ್ಚಿಡುವುದೂ ಆಗುತ್ತಿತ್ತು. ಇದು ಬೇಯಲೇ ಇಲ್ಲ. ಹೊನ್ನಾಜಿ ಒಂದಗುಳು ಹಿಸುಕಿ ನೋಡಿದಳು, ಗಟ್ಟಿ. ಸೌದೆ ಹಾಕಿದಳು, ಊದಿದಳು, ಮತ್ತೆ ಹಿಸುಕಿದಳು. ಗಟ್ಟಿಯೇ. ಊರಿನ ಹೆಂಗಸರು ಒಬ್ಬೊಬ್ಬರೇ ಇಣುಕಿ ನೋಡಿ ಹೋದರು.

"ಹೊನ್ನಾಜಿ ಕಲ್ಲು ಬೇಯಿಸ್ತಾವ್ಳಂತೆ, ಬನ್ರವ್ವ ನೋಡಾನ!"

"ಸಾರಿಗೆ ಜಲ್ಲಿ ಹಾಕ್ತೀಯಾ ಹೊನ್ನಾಜಿ?"

ಹೊನ್ನಾಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಟ್ಟದ ನೆತ್ತಿಯ ಮೇಲೆ ಮೋಡಕ್ಕ ಕಾಯುತ್ತಾ ಕೂತಿದ್ದಳು. ಇವತ್ತೂ ಊಟವಿಲ್ಲ ಅಂದರೆ ಅವಳು ಇನ್ನೆಂದೂ ಬರುವುದಿಲ್ಲ.

ಆಗ ಹೊಳೆಯ ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರು ಮಾತಾಡಿತು. "ಮೋಡಕ್ಕನ ಮಗು ಅಲ್ವೇನವ್ವ ಅದು? ನೀರಿನ ಮನೆಯದು. ಬೆಂಕಿಗೆ ಹಾಕೋ ಮೊದ್ಲು ಹೊಟ್ಟೆ ತುಂಬ ನೀರು ಕುಡಿಸು. ಸ್ವಲ್ಪ ಹೊತ್ತು ಸುಮ್ಮನೆ ಬಿಡು. ನೀನೂ ಸುಮ್ಮನಿರು."

ಸುಮ್ಮನಿರುವುದೇ ಕಷ್ಟದ ಕೆಲಸ. ಆದರೂ ಹೊನ್ನಾಜಿ ಒಲೆಯಿಂದ ಪಾತ್ರೆ ಇಳಿಸಿದಳು. ಹೊಳೆಯ ಆ ನೀರನ್ನೇ ಒಂದು ಬಿಂದಿಗೆ ತಂದು ಅಕ್ಕಿಯ ಮೇಲೆ ಸುರಿದು, ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಳು. ಅಕ್ಕಿ ಕುಡಿಯಿತು. ಕುಡಿಯುತ್ತಲೇ ಇತ್ತು. ಪಾತ್ರೆಯ ನೀರು ಮೊದಲು ನಸುನೀಲಿಯಾಯಿತು, ಆಮೇಲೆ ನೇರಳೆ ಹಣ್ಣಿನ ಬಣ್ಣವಾಯಿತು. ಆ ನೀರನ್ನು ಚೆಲ್ಲದೆ ಅದರಲ್ಲೇ ಮತ್ತೆ ಬೇಯಲು ಇಟ್ಟಳು. ಈ ಸಲ ಅಕ್ಕಿ ಹಟ ಬಿಟ್ಟಿತು. ಕಾಳುಕಾಳಾಗಿ ಅರಳಿ, ಸೀಳಿಕೊಂಡು, ಒಳಗಿನ ಬಿಳಿ ಹೊಟ್ಟೆ ತೋರಿಸಿ ನಕ್ಕಿತು.

ಹೊನ್ನಾಜಿ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಹಾಕಿದಳು. ಸಾಸಿವೆ ಚಟಪಟ ಸಿಡಿಯಿತು. ಬೆಟ್ಟದ ಮೇಲಿಂದ ಗುಡುಗುಡು ಎಂದು ಸದ್ದು ಕೇಳಿತು. ಒಗ್ಗರಣೆ ಸದ್ದು ಕೇಳಿ ಮೋಡಕ್ಕ ನಗುತ್ತಿದ್ದಳು! ನಮ್ಮ ಮನೆ ಮಾತು ನಿನಗೆ ಹೇಗೆ ಬಂತು ಎಂದು ಸಾಸಿವೆಯನ್ನು ಕೇಳುತ್ತಿದ್ದಳು. ಕರಿಬೇವು, ಹಸಿಮೆಣಸಿನಕಾಯಿ ಬಿದ್ದವು. ಬೆಂದ ಕಪ್ಪಕ್ಕಿ ಬಿತ್ತು. ಮೇಲೆ ಬೆಳ್ಳಗೆ ತೆಂಗಿನಕಾಯಿ ತುರಿ. ಕೊನೆಗೆ ನಿಂಬೆಹಣ್ಣು ಹಿಂಡಿದಳು. ಹನಿ ಬಿದ್ದಲ್ಲೆಲ್ಲ ಕಪ್ಪು ಕೆಂಪಗಾಯಿತು. ಹೊಗಳಿಸಿಕೊಂಡವರ ಕೆನ್ನೆಯ ಹಾಗೆ ಆಯಿತು ಎಂದಳು ನಂಜವ್ವ. ಆಗಲೇ ಅವಳು ಕದ್ದು ಒಂದು ತುತ್ತು ತಿಂದಾಗಿತ್ತು.

ಅಂಗಳದಲ್ಲಿ ಎಲೆ ಹಾಕಿದರು. ಎಲ್ಲರೂ ಬಂದು ಕೂತರು. ಮೋಡಕ್ಕ ಬೆಟ್ಟದಿಂದ ಇಳಿದು ಮೊದಲನೆಯ ಎಲೆಯ ಮುಂದೆ ಕೂತಳು. ಇದ್ದದ್ದೇ ಒಂದು ಬಾಣಲೆ ಕಪ್ಪಕ್ಕಿ, ಬಂದವರು ಊರು ತುಂಬ. ಹೊನ್ನಾಜಿ ಪ್ರತಿ ಎಲೆಯ ಬದಿಗೂ ಒಂದೊಂದು ಸೌಟು ಕಪ್ಪಕ್ಕಿ ಬಡಿಸಿದಳು. ಆಮೇಲೆ ಎಲೆಯ ನಡುವೆ ಬಿಳಿ ಅನ್ನ ಗುಡ್ಡೆ ಹಾಕಿದಳು.

ಮೋಡಕ್ಕ ತನ್ನ ಎಲೆ ನೋಡಿದಳು. ನಗು ಮಾಸಿತು.

"ನಡುವೆ ಸೂರ್ಯನ ಅಕ್ಕಿ," ಎಂದಳು. "ನನ್ನದು ಮತ್ತೆ ಮೂಲೆಗೇ. ಹೊನ್ನಾಜಿ, ಊಟಕ್ಕೆ ಕರೆದೂ ನನ್ನನ್ನ ಮೂಲೆಗೇ ತಳ್ಳಿದೆಯಲ್ಲ."

ಕಪ್ಪೆ ಬಾಯಿಗಿಟ್ಟ ತುತ್ತನ್ನು ಅಲ್ಲೇ ಹಿಡಿದುಕೊಂಡಿತು. ಆದರೆ ಈ ಸಲ ಹೊನ್ನಾಜಿಗೆ ಮಾತು ಸಿಕ್ಕಿತು.

"ಅಕ್ಕ, ಸಿಟ್ಟಾಗ್ಬ್ಯಾಡ. ಅವರು ಉಣ್ಣೋದ್ನ ಒಂದು ಗಳಿಗೆ ನೋಡು."

ಎಲ್ಲರೂ ಉಣ್ಣತೊಡಗಿದರು. ಮೋಡಕ್ಕ ನೋಡಿದಳು. ಪ್ರತಿ ಕೈಯೂ ಮೊದಲು ಹೋದದ್ದು ಎಲೆಯ ಬದಿಗೆ. ಒಂದು ಚಿಟಿಕೆ ಕಪ್ಪಕ್ಕಿ ಬಾಯಿಗೆ ಹೋಯಿತು. ಕಣ್ಣು ಅರಳಿದವು. ಆಮೇಲೆ ಅನ್ನ, ಮತ್ತೆ ಬದಿಗೆ, ಮತ್ತೆ ಅನ್ನ, ಮತ್ತೆ ಬದಿಗೆ. ಎತ್ತುಗಳು ಕೂಡ ಗುಡ್ಡೆ ಬಿಟ್ಟು ಬದಿಯನ್ನು ನೆಕ್ಕುತ್ತಿದ್ದವು. ಸೂರ್ಯ ತನ್ನ ಪಾಲು ಮುಗಿಸಿ ಪಕ್ಕದ ಎಲೆಯ ಕಡೆ ಕಣ್ಣು ಹಾಯಿಸುತ್ತಿದ್ದ.

"ನಡುವೆ ಇರೋದು ಹಸಿವಿಗೆ ಕಣಕ್ಕ. ಬದೀಲಿರೋದು ಆಸೆಗೆ, ನೆಂಚ್ಕೊಳಾಕೆ," ಎಂದಳು ಹೊನ್ನಾಜಿ. "ಇದ್ನೇ ಗುಡ್ಡೆ ಹಾಕಿದ್ರೆ ಅಗ್ದು ಅಗ್ದು ಸಾಕಾಗೋದು. ನೀನೂ ಹಂಗೇ. ಸುಗ್ಗೀಲಿ ಆಕಾಶದ ನಡೂಕೆ ಬಂದು ಕೂತ್ರೆ ನಮ್ಮ ಭತ್ತ ಕೊಳೀತದೆ. ಬರ್ದೇ ಹೋದ್ರೆ ನಾವೇ ಇಲ್ಲ. ಅದ್ಕೆ ಸುಗ್ಗೀಲಿ ಆಕಾಶದ ಅಂಚಲ್ಲಿ ಬಂದು ನಿಂತ್ಕೊ. ನಿನ್ನ ಯಾರೂ ಓಡಿಸಾಕಿಲ್ಲ. ಇಲ್ಲಿ ಎಲೆ ಅಂಚಲ್ಲಿ ನಿನ್ನ ಪಾಲು ಬಡ್ಸಿರ್ತೀವಿ. ನಾನಿರೋವರ್ಗೆ ನಾನು, ಆಮೇಕೆ ನನ್ನ ಮಕ್ಕಳು."

ಮೋಡಕ್ಕ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಪ್ಪಕ್ಕಿಯನ್ನು ಆತುರದಲ್ಲಿ ನುಂಗಲು ಬರುವುದಿಲ್ಲ, ಅಗಿಯಲೇಬೇಕು. ಅಗಿಯುತ್ತಾ ಅಗಿಯುತ್ತಾ ಅವಳ ಮುಖ ಅರಳಿತು. ಆಮೇಲೆ ನಕ್ಕಳು ನೋಡಿ, ಬೆಟ್ಟಗಳು ಬೆಚ್ಚಿಬಿದ್ದವು. ನಗುತ್ತಾ ನಗುತ್ತಾ ಅಲ್ಲೇ, ಎಲೆಗಳ ಮೇಲೆಯೇ, ಧೋ ಎಂದು ಸುರಿದಳು.

ಒಬ್ಬರೂ ಏಳಲಿಲ್ಲ. ಅನ್ನ ತೇಲಿತು, ಎಲೆಗಳು ದೋಣಿಯಾದವು, ಜನ ನೆನೆಯುತ್ತಲೇ ಉಂಡರು. ಹೊಳೆ ಎದ್ದು ದಾರಿ ಕೇಳದೆಯೇ ಓಡಿತು. ಕಪ್ಪೆ ನೇರಳೆ ಬಣ್ಣದ ನಾಲಿಗೆ ಚಾಚಿ ಗಂಟಲು ಹರಿಯುವಂತೆ ಹಾಡಿತು. ಒಟ್ಲಿನ ಸಸಿಗಳು ಹಸಿರಾದವು. ಹೊನ್ನಾಜಿ ಸೆರಗಿನ ಗಂಟು ಬಿಚ್ಚಿ ಆ ಹಿಡಿ ಕರಿಭತ್ತವನ್ನು ಗದ್ದೆಯ ಮೂಲೆಯಲ್ಲಿ ಚೆಲ್ಲಿದಳು. ಅಂದಿನಿಂದ ಲೋಕದಲ್ಲಿ ಕಪ್ಪಕ್ಕಿ ಬೆಳೆಯುತ್ತಿದೆ.

ಅದಕ್ಕೇ ಇವತ್ತಿಗೂ ಕಪ್ಪಕ್ಕಿಗೆ ಮೊದಲು ನೀರು ಕುಡಿಸಬೇಕು. ಅದಕ್ಕೇ ಅದನ್ನು ತಿಂದವರ ನಾಲಿಗೆ ಬಣ್ಣವಾಗುತ್ತದೆ. ಇನ್ನು ಸುಗ್ಗಿಯ ಕಾಲದಲ್ಲಿ, ಕಣದಲ್ಲಿ ಭತ್ತ ಒಣಗುತ್ತಿರುವಾಗ, ಆಕಾಶದ ಅಂಚಿನಲ್ಲಿ ಒಂದು ಕರಿಮೋಡ ಹತ್ತಿರವೂ ಬಾರದೆ, ದೂರವೂ ಹೋಗದೆ ನಿಂತಿರುವುದನ್ನು ನೀವು ನೋಡಿದರೆ ಹೆದರಬೇಡಿ ಮಕ್ಕಳೇ, ನಿಮ್ಮ ಎಲೆಯ ಬದಿಯಲ್ಲಿ ತನ್ನ ಪಾಲು ಬಡಿಸಿದ್ದಾರೋ ಇಲ್ಲವೋ ಎಂದು ಮೋಡಕ್ಕ ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ.